ಕೊಂಬು ಕಳೆದುಕೊಂಡ ಹುಲ್ಲುಗಾವಲು

ನಗು ತಡೆಯಲಾಗದವರಿಗೆ ಸರ್ಕಾರಿ ಕೆಲಸ ಕೊಡಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೆ ಕಿಸಕ್ಕನಿಗೆ ಕೆಲಸವೂ ಸಿಗುತ್ತಿರಲಿಲ್ಲ, ನನಗೆ ಹೇಳಲು ಈ ಕಥೆಯೂ ಸಿಗುತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಒಳ್ಳೆಯ ಗಂಭೀರವಾದ ಹೆಸರು. ಆದರೆ ಕೂತಲ್ಲಿ ನಿಂತಲ್ಲಿ ಕಿಸಕ್ಕನೆ ನಗುವ ಅಕ್ಕನನ್ನು ತಮ್ಮಂದಿರು ಕಿಸಕ್ಕ ಎಂದು ಕರೆದರು, ಬೀದಿಯವರು ಕರೆದರು, ಹಾಜರಿ ಕೂಗುವ ಮೇಷ್ಟರೂ ಒಂದು ದಿನ ಬಾಯಿತಪ್ಪಿ ಹಾಗೇ ಕರೆದುಬಿಟ್ಟರು. ಅಲ್ಲಿಗೆ ಹೆಸರು ಗಟ್ಟಿಯಾಯಿತು.

ಅವಳ ನಗುವಿಗೆ ಹೊತ್ತುಗೊತ್ತು ಇರಲಿಲ್ಲ. ಎಲ್ಲಿ ನಗಬಾರದೋ ಅಲ್ಲೇ ಅದು ಉಕ್ಕುತ್ತಿತ್ತು. ಒಮ್ಮೆ ಕನ್ನಡಕ ಕೊಳ್ಳಲು ಹೋದಾಗ, ಗಿರಾಕಿ ಬಂದರೆಂದು ಸಂಭ್ರಮದಿಂದ ಎದ್ದು ಬಂದ ಅಂಗಡಿಯ ಮಾಲೀಕ ತನ್ನದೇ ಗಾಜಿನ ಬಾಗಿಲಿಗೆ ಹಣೆ ಚಚ್ಚಿಕೊಂಡ. ಚಚ್ಚಿಕೊಂಡವನು ಸುಮ್ಮನಿರದೆ, “ನೋಡಿ, ನಮ್ಮ ಅಂಗಡಿ ಗಾಜು ಎಷ್ಟು ಸ್ವಚ್ಛವಾಗಿರತ್ತೆ” ಎಂದ. ಕಿಸಕ್ಕ ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟಳು. ಅವನು ಹಣೆ ಉಜ್ಜಿಕೊಳ್ಳುತ್ತಾ ಪಕ್ಕದಲ್ಲೇ ಕೂತ. ಆ ವರ್ಷ ಮುಗಿಯುವುದರೊಳಗೆ ಮದುವೆಯಾಯಿತು. ಈಗಲೂ ಅವನು ಆ ಬಾಗಿಲಿಗೆ ದಿನಾ ಬೆಳಗ್ಗೆ ಒಂದು ನಮಸ್ಕಾರ ಹಾಕಿಯೇ ಒಳಗೆ ಹೋಗುತ್ತಾನೆ.

ಕಿಸಕ್ಕನ ಕೆಲಸ ಸಾರ್ವಜನಿಕ ಭೂಮಿ ಸಂರಕ್ಷಣಾ ಮಂಡಳಿಯಲ್ಲಿ. ಹುದ್ದೆಯ ಹೆಸರು ಯೋಜನಾ ವಿಶ್ಲೇಷಕಿ. ಈ ಹೆಸರು ಕೇಳಿದವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಅಷ್ಟು ಭಾರ ಅದು. ಬಿಡಿಸಿ ಹೇಳಿದರೆ ಇಷ್ಟೇ: ಊರ ಸುತ್ತ ಎಲ್ಲರಿಗೂ ಸೇರಿದ ಜಾಗ ಎಲ್ಲಿ ಉಳಿದಿದೆಯೋ ಅಲ್ಲಿಗೆ ಹೋಗಬೇಕು. ಅಲ್ಲಿ ಏನು ಬೆಳೆಯುತ್ತದೆ, ಏನು ಬದುಕುತ್ತದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಹಾಗೇ ಬಿಟ್ಟರೆ ಯಾರಿಗೆ ಲಾಭ, ಕಟ್ಟಡ ಎಬ್ಬಿಸಿದರೆ ಯಾರಿಗೆ ನಷ್ಟ ಎಂದು ತೂಗಿ, ಪ್ರಸ್ತಾವನೆ ಬರೆದು ಮಂಡಳಿಯ ಮುಂದಿಡಬೇಕು. ಮಂಡಳಿ ಹೂಂ ಎಂದರೆ ಆ ಜಾಗದ ತಂಟೆಗೆ ಯಾರೂ ಬರುವಂತಿಲ್ಲ. ಊಹೂಂ ಎಂದರೆ ಮರುವಾರವೇ ಯಾರಾದರೂ ತಂತಿಬೇಲಿಯ ಸುರುಳಿ ತಂದು ಇಳಿಸುತ್ತಾರೆ.

ಮನೆಯಲ್ಲಿ ಇದನ್ನು ಅರ್ಥಮಾಡಿಸುವುದು ಬೇರೆಯದೇ ಸಾಹಸ. ಅತ್ತೆ ದೂರವಾಣಿ ಕಚೇರಿಯಲ್ಲಿ ಕರೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಕಿವಿಗೆ ಒಂದು ಯಂತ್ರ ಸಿಕ್ಕಿಸಿಕೊಂಡು, ಯಾರ್ಯಾರನ್ನೋ ಯಾರ್ಯಾರ ಜೊತೆಗೋ ಮಾತಾಡಿಸಿದವರು. ತಮ್ಮ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಲ್ಲವರಾದ್ದರಿಂದ, ಬೇರೆಯವರ ಕೆಲಸವೂ ಒಂದೇ ವಾಕ್ಯದಲ್ಲಿ ಇರಬೇಕು ಎಂಬುದು ಅವರ ಪಟ್ಟು. ಪಕ್ಕದ ಮನೆಯವರು ಕೇಳಿದಾಗ, “ನನ್ನ ಸೊಸೆ ಹುಲ್ಲು ಎಣಿಸ್ತಾಳೆ. ಅದಕ್ಕೆ ಸಂಬಳನೂ ಕೊಡ್ತಾರೆ” ಎಂದುಬಿಟ್ಟಿದ್ದರು.

“ಅತ್ತೆ, ಎಣಿಸೋದಲ್ಲ, ವಿಶ್ಲೇಷಣೆ ಮಾಡೋದು,” ಎಂದಳು ಕಿಸಕ್ಕ.

“ಎರಡಕ್ಕೂ ಸೊಂಟ ಬಗ್ಗಿಸಬೇಕು ತಾನೆ? ಮನೇಲಿ ಕಸ ಗುಡಿಸೋಕೆ ಬಗ್ಗದ ಸೊಂಟ ಅಲ್ಲಿ ಹೇಗೆ ಬಗ್ಗತ್ತೋ ನಾನು ಕಾಣೆ.”

ಸೊಸೆ ನಕ್ಕಳು. ಅತ್ತೆಗೂ ಬೇಕಾದದ್ದು ಅದೇ. ಸೊಸೆಯನ್ನು ದಿನಕ್ಕೆ ಒಂದು ಸಲವಾದರೂ ನಗಿಸದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಮೇಲೆ ಮಾತ್ರ ಬೈಗುಳ.

ನಿಜ ಹೇಳಬೇಕೆಂದರೆ ಅತ್ತೆಯ ಮಾತು ತೀರಾ ಸುಳ್ಳಲ್ಲ. ಆ ವರ್ಷ ಕಿಸಕ್ಕ ಎಣಿಸುತ್ತಿದ್ದದ್ದು ಹುಲ್ಲನ್ನೇ. ಊರಿನ ಪೂರ್ವಕ್ಕೆ, ಹೊಸ ಬಡಾವಣೆ ಮುಗಿದು ಡಾಂಬರು ರಸ್ತೆ ಇದ್ದಕ್ಕಿದ್ದಂತೆ ನಿಂತುಹೋಗುವ ಕಡೆ, ದೊಡ್ಡದೊಂದು ಹುಲ್ಲುಗಾವಲಿತ್ತು. ಮರವಿಲ್ಲ, ಕೆರೆಯಿಲ್ಲ, ಬಂಡೆಯಿಲ್ಲ. ಮಂಡಳಿಯವರ ಕಣ್ಣಿಗೆ ಕಾಡು ಕಂಡರೆ ಕಾಡು, ಕೆರೆ ಕಂಡರೆ ಕೆರೆ. ಹುಲ್ಲು ಕಂಡರೆ ಅದು ಪಾಳುಭೂಮಿ. ಅಂಕ ಹಾಕುವ ನಮೂನೆಯೂ ಹಾಗೇ ಇತ್ತು. ಮೊದಲ ಕಾಲಮ್ಮೇ ‘ಮರಗಳ ಸಂಖ್ಯೆ’. ಅಲ್ಲಿ ಸೊನ್ನೆ ಹಾಕಿದರೆ ಮುಂದಿನದ್ದನ್ನು ಯಾರೂ ಓದುತ್ತಿರಲಿಲ್ಲ.

ಕಿಸಕ್ಕ ಆ ಸೊನ್ನೆಯ ಜೊತೆ ಜಗಳಕ್ಕೆ ನಿಂತಳು. ಕಬ್ಬಿಣದ ಚೌಕಟ್ಟನ್ನು ನೆಲದ ಮೇಲಿಟ್ಟು, ಅದರೊಳಗೆ ಎಷ್ಟು ಬಗೆಯ ಹುಲ್ಲಿದೆ ಎಂದು ಮಂಡಿಯೂರಿ ಗುರುತಿಸಿದಳು. ಹುಲ್ಲಿದ್ದ ಕಡೆ ಒಂದು ಬಕೆಟ್ ನೀರು, ಜನ ತುಳಿದು ಬೋಳಾದ ಕಡೆ ಒಂದು ಬಕೆಟ್ ನೀರು ಸುರಿದು ನೋಡಿದಳು. ಬೋಳು ನೆಲದ ನೀರು ಹರಿದುಹೋಗಿ ಅವಳ ಚಪ್ಪಲಿ ನೆನೆಸಿತು. ಹುಲ್ಲಿನ ಕಡೆಯ ನೀರು ಹೇಳಹೆಸರಿಲ್ಲದಂತೆ ಮಣ್ಣಿಗಿಳಿಯಿತು. ಬಡಾವಣೆಯ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರು ಏಕೆ ನಿಲ್ಲುತ್ತದೆ ಎಂಬುದು ಅವತ್ತು ಅವಳಿಗೆ ಹೊಳೆಯಿತು, ಸಂತೋಷಕ್ಕೆ ಖಾಲಿ ಬಕೆಟ್ಟನ್ನೇ ಡೋಲಿನಂತೆ ಬಡಿದಳು.

ಆ ಬಯಲಿನಲ್ಲೇ ಒಂದು ಹಕ್ಕಿ ಅವಳನ್ನು ಮೋಸಗೊಳಿಸಿತು. ಅವಳು ಹತ್ತಿರ ಹೋದಂತೆಲ್ಲ ಅದು ರೆಕ್ಕೆ ಮುರಿದ ಹಾಗೆ ಕುಂಟುತ್ತಾ, ಬೀಳುತ್ತಾ, ಕಿರುಚುತ್ತಾ ದೂರ ದೂರ ಕರೆದೊಯ್ಯಿತು. ಸಾಕಷ್ಟು ದೂರ ಬಂದಮೇಲೆ ಸರಿಯಾಗಿ ರೆಕ್ಕೆ ಬಿಚ್ಚಿ ಹಾರಿಹೋಯಿತು. ಆಮೇಲೆ ಹಿಂದಿರುಗಿ ಹುಡುಕಿದರೆ, ಅವಳು ಮೊದಲು ನಿಂತಿದ್ದ ಜಾಗದ ಪಕ್ಕದಲ್ಲೇ ಹುಲ್ಲಿನ ನಡುವೆ ಮಣ್ಣಿನ ಬಣ್ಣದ ಮೊಟ್ಟೆಗಳು. ಆ ಪುಟ್ಟ ನಾಟಕಗಾರ್ತಿಯನ್ನು ನೆನೆದು ಕಿಸಕ್ಕ ದಾರಿಯುದ್ದಕ್ಕೂ ನಕ್ಕಳು. ಆ ದಿನದಿಂದ ಆ ಬಯಲು ಅವಳಿಗೆ ಬರಿಯ ಕಡತವಾಗಿ ಉಳಿಯಲಿಲ್ಲ. ಅದರ ಮೇಲೆ ಅವಳಿಗೆ ಪ್ರೀತಿ ಹುಟ್ಟಿತ್ತು.

ಆದರೆ ಆ ಬಯಲಿನ ಮೇಲೆ ಇನ್ನೊಬ್ಬರಿಗೂ ಕಣ್ಣಿತ್ತು. ಸಾರಿಗೆ ಇಲಾಖೆಗೆ ಲಾರಿ ನಿಲ್ಲಿಸಲು ಜಾಗ ಬೇಕಾಗಿತ್ತು. ಈ ಸಲದ ಸಭೆಯಲ್ಲಿ ಮಂಡಳಿ ತನಗೆ ಬೇಕು ಅನ್ನದಿದ್ದರೆ ಬಯಲೆಲ್ಲ ಕಾಂಕ್ರೀಟು. ಮುಂದಿನ ಸಭೆಗೆ ನೋಡೋಣ ಎಂದು ತಳ್ಳಿದರೂ ಅಷ್ಟೇ, ಅಷ್ಟರಲ್ಲಿ ಲಾರಿಗಳು ಬಂದು ನಿಂತಿರುತ್ತವೆ.

ಇದಕ್ಕಿಂತ ದೊಡ್ಡ ತೊಡಕು ಕಿಸಕ್ಕನೇ. ಮಂಡಳಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಅವರು ನಕ್ಕಿದ್ದನ್ನು ನೋಡಿದವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಸಭೆಯಲ್ಲಿ ಕಿಸಕ್ಕ ಬೇರೊಂದು ಪ್ರಸ್ತಾವನೆ ಓದುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನಿದ್ದೆಹೋಗಿ, ಅವಳು ವಾಕ್ಯ ಮುಗಿಸಿದಾಗಲೆಲ್ಲ ಸರಿಯಾಗಿ ಪೂರ್ಣವಿರಾಮದ ಜಾಗಕ್ಕೆ ಒಂದು ಗೊರಕೆ ಹಾಕುತ್ತಿದ್ದರು. ಅವಳು ತಡೆದಳು, ತಡೆದಳು, ಕೊನೆಗೆ ನಕ್ಕೇಬಿಟ್ಟಳು. ಅಧ್ಯಕ್ಷೆ ಕನ್ನಡಕ ತೆಗೆದು, “ಇನ್ನೊಂದು ಸಲ ಓದುವಾಗ ನಕ್ಕರೆ ನಿಮ್ಮ ಪ್ರಸ್ತಾವನೆಯನ್ನ ಹಾಗೇ ವಾಪಸ್ ಕಳಿಸ್ತೀನಿ” ಎಂದಿದ್ದರು. ಅವರು ಆಡಿದ ಮಾತಿಗೆ ತಪ್ಪುವವರಲ್ಲ.

ಓದುವ ವಿಚಾರಕ್ಕೆ ಬಂದರೆ, ಮಂಡಳಿಯಲ್ಲಿ ಒಂದು ವಿಚಿತ್ರ ಪದ್ಧತಿ. ಹಿಂದೆ ಯಾರೋ ಸಭೆಗೆ ಒಂದು ಪ್ರತಿ ಹಂಚಿ, ದಾಖಲೆಗೆ ಇನ್ನೊಂದು ಸೇರಿಸಿ, ನಡುವೆ ಒಂದು ಗುಡ್ಡವನ್ನೇ ಮಾಯಮಾಡಿದ್ದರಂತೆ. ಅಂದಿನಿಂದ ನಿಯಮ: ಪ್ರಸ್ತಾವನೆಯ ಪ್ರತಿಗಳು ಹಂಚಿಕೆಯಾದ ಮೇಲೆ ಅದರಲ್ಲಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ಬರೆದವರೇ ಎದ್ದುನಿಂತು, ಅಚ್ಚಾದದ್ದನ್ನು ಅಚ್ಚಾದ ಹಾಗೆ, ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ತಿದ್ದಿ ಓದಿದರೆ ಅದು ಹೊಸ ಪ್ರಸ್ತಾವನೆ, ಮುಂದಿನ ಸಭೆಗೆ.

ಸಭೆಯ ಹಿಂದಿನ ದಿನ ಕಿಸಕ್ಕ ಕೊನೆಯ ಸಲ ಕಣ್ಣಾಡಿಸುತ್ತಿದ್ದಾಗ ಒಂದೇ ಒಂದು ಕಡೆ ‘ಹುಲ್ಲುಗಾವಲು’ ಇರಬೇಕಾದಲ್ಲಿ ‘ಹಲ್ಲುಗಾವಲು’ ಎಂದು ಬಿದ್ದಿತ್ತು. ಹಕಾರದ ಕೊಂಬು ಬಿಟ್ಟುಹೋಗಿತ್ತು. ಅವಳಿಗೆ ಅಷ್ಟು ಸಾಕಾಯಿತು. ಪಕ್ಕದ ಮೇಜಿನ ನಕ್ಷೆಗಾರನನ್ನು ಕರೆದು ತೋರಿಸಿದಳು. ಮಂಡಳಿಯ ನಕ್ಷೆಗಳನ್ನೆಲ್ಲ ಬರೆಯುವವನು ಅವನು, ಅವಳ ನಗುವಿನ ಪಾಲುದಾರನೂ ಅವನೇ.

“ಹಲ್ಲು ಮೇಯೋಕೆ ದನ ಬಂದ ಹಾಗೆ ನೆನೆಸಿಕೋ,” ಎಂದ ಅವನು.

ಇಬ್ಬರೂ ಮೇಜಿಗೆ ತಲೆ ಇಟ್ಟು ನಕ್ಕರು. ಆ ನಗು ಇನ್ನೂ ಇಳಿದಿರಲಿಲ್ಲ, ಕಣ್ಣಲ್ಲಿ ನೀರು ತುಂಬಿ ಪರದೆ ಮಸುಕಾಗಿತ್ತು. ಇನ್ನೆಲ್ಲಾದರೂ ಈ ತಪ್ಪಿದ್ದರೆ ಅದೂ ಸರಿಹೋಗಲಿ ಎಂದು ಅವಳು ಪದ ಬದಲಿಸುವ ಪೆಟ್ಟಿಗೆ ತೆರೆದಳು. ಮೇಲಿನ ಖಾನೆಯಲ್ಲಿ ತಪ್ಪು ಪದ, ಕೆಳಗಿನ ಖಾನೆಯಲ್ಲಿ ಸರಿಯಾದ ಪದ ಹಾಕಬೇಕು. ಯಾವ ರೂಪದಲ್ಲಿದ್ದರೂ ಸಿಕ್ಕಿಬೀಳಲಿ ಎಂದು ಪದದ ಮೊದಲೆರಡು ಅಕ್ಷರಗಳನ್ನಷ್ಟೇ ಹಾಕಿದಳು. ಅವಳು ಮೇಲೆ ಹಾಕಬೇಕಾದದ್ದನ್ನು ಕೆಳಗೆ ಹಾಕಿದಳು, ಕೆಳಗೆ ಹಾಕಬೇಕಾದದ್ದನ್ನು ಮೇಲೆ ಹಾಕಿದಳು. ‘ಎಲ್ಲವನ್ನೂ ಬದಲಿಸು’ ಎಂಬುದನ್ನು ಒತ್ತಿದಳು. ಕಂಪ್ಯೂಟರು ಹೇಳಿದ್ದನ್ನು ಕೇಳುವ ಪ್ರಾಣಿ, ಎಲ್ಲವನ್ನೂ ಬದಲಿಸಿತು. ಹುಲ್ಲು, ಹುಲ್ಲಿನ, ಹುಲ್ಲಿಗೆ, ಒಂದನ್ನೂ ಬಿಡಲಿಲ್ಲ. ಹೀಗೆ ಒಂದು ಕಡೆಯ ಗಾಯಕ್ಕೆ ಮದ್ದು ಹಚ್ಚಲು ಹೋಗಿ ಕಿಸಕ್ಕ ಮೈಯೆಲ್ಲ ಹುಣ್ಣು ಮಾಡಿದಳು. ಮುಖಪುಟ ಮತ್ತು ನಕ್ಷೆಯನ್ನು ನಕ್ಷೆಗಾರ ಬೇರೆಯಾಗಿ ಮಾಡಿದ್ದರಿಂದ ಅಲ್ಲಿ ಮಾತ್ರ ಹುಲ್ಲು ಹುಲ್ಲಾಗಿಯೇ ಉಳಿಯಿತು. ಮುಖಪುಟ ಸರಿಯಾಗಿದೆಯೆಂದು ನೋಡಿ ಕಡತ ಅಚ್ಚಿಗೆ ಹೋಯಿತು.

ಮರುದಿನ ಬೆಳಗ್ಗೆ ಸಭೆಯ ಕೋಣೆಗೆ ಹೋಗುವ ಮೊದಲು ವಿಭಾಗದ ಮುಖ್ಯಸ್ಥರು ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. ಅವರನ್ನು ಕಚೇರಿಯಲ್ಲಿ ಎಲ್ಲರೂ ಗಂಟುಮೋರೆ ಅನ್ನುತ್ತಿದ್ದರು, ಹಿಂದಿನಿಂದ.

“ನೋಡಮ್ಮ, ಇವತ್ತು ನಕ್ಕರೆ ಬಯಲೂ ಹೋಯ್ತು, ನನ್ನ ಮರ್ಯಾದೆನೂ ಹೋಯ್ತು. ನಗು ಬಂದರೆ ಏನಾದರೂ ದುಃಖದ ವಿಷಯ ನೆನೆಸಿಕೋ.”

“ಏನು ನೆನೆಸಿಕೊಳ್ಳಲಿ ಸರ್?”

ಅವರು ಸ್ವಲ್ಪ ಯೋಚಿಸಿ, “ನನ್ನ ಮುಖ ನೋಡು” ಎಂದರು.

ಕೋಣೆಯಲ್ಲಿ ಉದ್ದನೆಯ ಮೇಜು, ಪ್ರತಿ ಕುರ್ಚಿಯ ಮುಂದೆ ನೀರಿನ ಲೋಟ, ಒಂದೊಂದು ಪ್ರತಿ. ತುದಿಯಲ್ಲಿ ಅಧ್ಯಕ್ಷೆ. ಅವರ ಎಡಕ್ಕೆ ಸದಸ್ಯರು, ಬಲಕ್ಕೆ ಸಾರಿಗೆ ಇಲಾಖೆಯ ಅಧಿಕಾರಿ, ಇಸ್ತ್ರಿ ಮುರಿಯದ ಅಂಗಿ. ದನಕುರಿ ಸಾಕುವವರ ಸಂಘದಿಂದ ಬಂದಿದ್ದ ಆ ಗೊರಕೆಯ ಹಿರಿಯ ಸದಸ್ಯರು ಆಗಲೇ ಕುರ್ಚಿಗೆ ಒರಗಿ ಕಣ್ಣು ಮುಚ್ಚುವ ಸಿದ್ಧತೆಯಲ್ಲಿದ್ದರು. ಅಧ್ಯಕ್ಷೆ, “ಓದಿ” ಎಂದರು.

ಕಿಸಕ್ಕ ಮುಖಪುಟ ತಿರುಗಿಸಿ ಓದತೊಡಗಿದಳು. “ನಗರದ ಪೂರ್ವದ ಅಂಚಿನಲ್ಲಿರುವ ಈ...”

ಅಲ್ಲಿಗೆ ನಿಂತಳು. ಕಣ್ಣು ಮುಂದಿನ ಸಾಲಿಗೆ ಓಡಿತು, ಅದರ ಮುಂದಿನ ಸಾಲಿಗೆ ಓಡಿತು. ಹಾಳೆ ತಿರುಗಿಸಿದಳು. ಎಲ್ಲೆಲ್ಲೂ ಹಲ್ಲು. ಏನಾಯಿತು, ಯಾರಿಂದಾಯಿತು ಎಂಬುದು ಅರೆಗಳಿಗೆಯಲ್ಲಿ ತಿಳಿಯಿತು. ತಿದ್ದಿ ಓದಿದರೆ ಬಯಲು ಲಾರಿಗಳ ಪಾಲು. ಇದ್ದದ್ದನ್ನು ಇದ್ದ ಹಾಗೆ ಓದಿ ನಕ್ಕರೂ ಲಾರಿಗಳ ಪಾಲು. ಉಳಿದದ್ದು ಒಂದೇ ದಾರಿ. ಅವಳು ಉಸಿರು ಎಳೆದುಕೊಂಡು, ಆ ದಾರಿಗೇ ಇಳಿದಳು.

“ಈ ಹಲ್ಲುಗಾವಲು ಬಹಳ ಪುರಾತನವಾದದ್ದು.”

ಕೋಣೆಯಲ್ಲಿ ಯಾರೋ ಕೆಮ್ಮಿದರು. ಮೂಲೆಯಲ್ಲಿ ನಕ್ಷೆ ಹಿಡಿದು ನಿಂತಿದ್ದ ನಕ್ಷೆಗಾರ ನಿಧಾನವಾಗಿ ನಕ್ಷೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡ.

“ಇಲ್ಲಿ ಉದ್ದ ಹಲ್ಲು, ಗಿಡ್ಡ ಹಲ್ಲು, ಅಂಚು ಚೂಪಾದ ಹಲ್ಲು ಹೀಗೆ ನಾನಾ ಬಗೆಯ ಹಲ್ಲುಗಳಿವೆ. ಬೇಸಿಗೆಯಲ್ಲಿ ಹಲ್ಲು ಹಳದಿಯಾಗುತ್ತದೆ. ಇದನ್ನು ರೋಗವೆಂದು ತಿಳಿಯಬಾರದು. ಮೊದಲ ಮಳೆ ಬಿದ್ದ ಕೂಡಲೇ ಹಲ್ಲು ಮತ್ತೆ ಹಸಿರಾಗುತ್ತದೆ.”

ಹಿರಿಯ ಸದಸ್ಯರ ಕಣ್ಣು ತೆರೆಯಿತು. ಅವರು ಪಕ್ಕದವರ ಕಡೆ ಬಾಗಿ, “ಏನು ಹಸಿರಾಗತ್ತೆ ಅಂದ್ರು?” ಎಂದು ಕೇಳಿದರು. ಪಕ್ಕದವರು ತಮ್ಮ ಪ್ರತಿಯನ್ನು ಬಾಯಿಗೆ ಅಡ್ಡ ಹಿಡಿದರು.

ಕಿಸಕ್ಕ ಕೆನ್ನೆಯ ಒಳಭಾಗ ಕಚ್ಚಿದಳು. ಉಗುರನ್ನು ಅಂಗೈಗೆ ಒತ್ತಿದಳು. ದುಃಖದ ವಿಷಯ ನೆನೆಸಿಕೊಳ್ಳಲು ಹೋದಳು. ಶಾಲೆಯಲ್ಲಿ ಲೆಕ್ಕದಲ್ಲಿ ನಪಾಸಾದದ್ದು ನೆನಪಾಯಿತು, ಅದರ ಹಿಂದೆಯೇ ಲೆಕ್ಕದ ಮೇಷ್ಟರ ಮುಂದಿನ ಎರಡು ಹಲ್ಲು ನೆನಪಾಯಿತು. ಗಂಟುಮೋರೆಯ ಮುಖ ನೋಡಿದಳು. ಆ ಮುಖ ಎಂದಿನಂತಿರಲಿಲ್ಲ. ಕೆಳತುಟಿ ಅದುರುತ್ತಿತ್ತು.

“ಶತಮಾನಗಳಿಂದ ಸುತ್ತಲಿನ ದನಕರುಗಳು ಇಲ್ಲಿನ ಹಲ್ಲನ್ನೇ ಮೇಯುತ್ತಾ ಬಂದಿವೆ. ಗಾಳಿ ಬೀಸಿದಾಗ ಈ ಹಲ್ಲೆಲ್ಲ ಒಟ್ಟಿಗೆ ಅಲ್ಲಾಡುವುದು ನೋಡಲು ಬಲು ಸೊಗಸು.”

ಗಂಟುಮೋರೆಯ ಮೂಗಿನಿಂದ ಒಂದು ಸದ್ದು ಹೊರಟಿತು. ಅವರ ಸೇವಾವಧಿಯಲ್ಲೇ ಯಾರೂ ಕೇಳಿರದ ಸದ್ದು. ಕುಕ್ಕರಿನ ಸೀಟಿಯ ಹಾಗೆ ಮೊದಲು ಸಣ್ಣಗೆ ಬಂದು, ಆಮೇಲೆ ತಡೆಯಿಲ್ಲದೆ ಬಂತು. ಅದು ಅವರ ನಗು. ಅದನ್ನು ಕೇಳಿದ ಮೇಲೆ ಯಾರಿಗೆ ತಾನೆ ತಡೆಯಲಾದೀತು? ಸದಸ್ಯರು ನಕ್ಕರು, ನೀರು ತುಂಬಿಸಲು ಬಂದವರು ಹೂಜಿ ಕೆಳಗಿಟ್ಟು ನಕ್ಕರು, ನಕ್ಷೆ ಗಡಗಡ ನಡುಗಿತು.

ಸಾರಿಗೆ ಅಧಿಕಾರಿ ಮಾತ್ರ ನಗಲಿಲ್ಲ. “ಮೇಡಂ, ನಗಬಾರದು ಅಂತ ತಾವೇ ಹೇಳಿದ್ದಿರಿ,” ಎಂದರು.

“ಹೇಳಿದ್ದು ಓದೋರಿಗೆ,” ಎಂದರು ಅಧ್ಯಕ್ಷೆ. “ಕೇಳೋರಿಗೆ ಆ ನಿಯಮ ಇಲ್ಲ. ಓದೋರು ನಕ್ಕಿಲ್ಲ. ಓದಿ.”

ಕಿಸಕ್ಕ ಮುಂದಿನ ಹಾಳೆ ತಿರುಗಿಸಿದಳು. ಹೊಟ್ಟೆಯಲ್ಲಿ ನಗು ಕುದಿಯುತ್ತಿತ್ತು, ಇನ್ನೊಂದು ಸಾಲು ಓದಿದರೆ ಮುಚ್ಚಳ ಹಾರುವುದು ಖಂಡಿತ ಎಂದು ಅವಳಿಗೇ ಗೊತ್ತಾಗಿತ್ತು. ಆದರೂ ಓದಿದಳು.

“ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು ಹಲ್ಲಿನ ಸಂದಿಯಲ್ಲಿ ಮೊಟ್ಟೆಯಿಡುತ್ತವೆ.”

ಕೋಣೆ ಮತ್ತೆ ಬಿದ್ದು ಬಿದ್ದು ನಕ್ಕಿತು. ಅವಳ ಕಣ್ಣಿಗೆ ಮಾತ್ರ ಆ ಹಕ್ಕಿ ಕಂಡಿತು. ಲಾರಿಯ ಚಕ್ರದ ಮುಂದೆಯೂ ಅದು ಹಾಗೇ ಕುಂಟುವುದು ಕಂಡಿತು. ಮುರಿಯದ ರೆಕ್ಕೆಯನ್ನು ಮುರಿದಂತೆ ಎಳೆದುಕೊಂಡು, ಇತ್ತ ಬಾ ಇತ್ತ ಬಾ ಎಂದು ಲಾರಿಯನ್ನು ಕರೆಯುತ್ತದೆ. ಲಾರಿ ಯಾಕೆ ಅದರ ಹಿಂದೆ ಹೋದೀತು? ಅವಳಿಗೆ ಭಯವಾಯಿತು, ನಿಜವಾದ ಭಯ. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಲ್ಲಿಂದಾಚೆಗೆ ಅವಳು ಪ್ರತಿ ಹಲ್ಲನ್ನೂ ಹುಲ್ಲೆಂದೇ ನಂಬಿ, ಅಕ್ಷರ ಅಕ್ಷರವನ್ನೂ ಬಿಡಿಸಿ, ದೊಡ್ಡ ದನಿಯಲ್ಲಿ ಓದಿದಳು.

“ಹಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ. ಬಿದ್ದ ಮಳೆಯನ್ನು ಹಲ್ಲು ಕುಡಿದು ಕೆಳಗಿಳಿಸುತ್ತದೆ. ಪೂರ್ವದ ಬಡಾವಣೆಯ ಬಾವಿಗಳು ಬೇಸಿಗೆಯಲ್ಲೂ ಬತ್ತದಿರಲು ಈ ಹಲ್ಲೇ ಕಾರಣ. ಅಲ್ಲಲ್ಲಿ ಹಲ್ಲು ಕಿತ್ತುಹೋಗಿ ಬೋಳಾಗಿದೆ. ಅಂಥ ಕಡೆ ಹೊಸ ಹಲ್ಲು ನೆಡಬಹುದು. ಆದರೆ ಕಾಂಕ್ರೀಟು ಬಿದ್ದಮೇಲೆ ಹಲ್ಲು ಮತ್ತೆ ಹುಟ್ಟುವುದಿಲ್ಲ.”

ಓದಿ ಮುಗಿಸಿ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಆ ಕೋಣೆಯಲ್ಲಿ ಹಿಂದೆಂದೂ ಆಗದ ಒಂದು ಸಂಗತಿ ಆಗಿರುವುದು ಅವಳ ಗಮನಕ್ಕೆ ಬಂತು. ಯಾರೂ ನಿದ್ದೆ ಮಾಡಿರಲಿಲ್ಲ. ಮುಂದಿನ ಹಲ್ಲು ಎಲ್ಲಿ ಬರುತ್ತದೆ ಎಂದು ಕಾಯುತ್ತಾ ಎಲ್ಲರೂ ಮೊದಲಿಂದ ಕೊನೆಯವರೆಗೆ, ಒಂದು ಪದ ಬಿಡದೆ, ಕಿವಿಗೊಟ್ಟು ಕೇಳಿದ್ದರು.

ಸಾರಿಗೆ ಅಧಿಕಾರಿ ಎದ್ದುನಿಂತರು. “ಮೇಡಂ, ಹಲ್ಲುಗಾವಲು ಅನ್ನೋ ಜಾಗ ಭೂಮಿ ಮೇಲೇ ಇಲ್ಲ. ತಿದ್ದೋ ಹಾಗಿಲ್ಲ. ಇಲ್ಲದೇ ಇರೋದನ್ನ ಮಂಜೂರು ಮಾಡೋ ಹಾಗೂ ಇಲ್ಲ. ನಿಯಮ ನಿಮ್ಮದೇ.”

ಮಾತು ಸರಿಯಾಗಿತ್ತು. ಕಿಸಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ನಿಯಮಕ್ಕೆ ಆಮೇಲೆ ಬರೋಣ,” ಎಂದರು ಅಧ್ಯಕ್ಷೆ. “ವಿಷಯದ ಬಗ್ಗೆ ಯಾರಿಗಾದರೂ ಪ್ರಶ್ನೆ ಇದೆಯಾ?”

ಪ್ರಶ್ನೆ ಎಂದರೆ ಮುಖ ತಿರುಗಿಸುವ ಆ ಮಂಡಳಿಯಲ್ಲಿ ಅವತ್ತು ಪ್ರಶ್ನೆಗಳ ಸುರಿಮಳೆ. ಯಾವ ಹಕ್ಕಿ, ಎಷ್ಟು ಬಗೆ, ಬೆಂಕಿ ಬಿದ್ದರೆ ಏನು ಗತಿ, ಬೋಳಾದಲ್ಲಿ ನೆಡುವುದು ಹೇಗೆ. ಕಿಸಕ್ಕ ಉತ್ತರ ಹೇಳುತ್ತಾ ಹೇಳುತ್ತಾ ಗಾಳಿಯಲ್ಲಿ ಬಕೆಟ್ ಎತ್ತಿ ನೀರು ಸುರಿದೂ ತೋರಿಸಿದಳು. ಎಲ್ಲ ಮುಗಿದಮೇಲೆ, ನಿಂತೇ ಇದ್ದ ಸಾರಿಗೆ ಅಧಿಕಾರಿ ಗಂಟಲು ಸರಿಮಾಡಿಕೊಂಡರು.

“ಬಾವಿ ಅಂದ್ರಲ್ಲ. ಪೂರ್ವದ ಬಡಾವಣೆ ಅಂದ್ರೆ ಯಾವುದು? ನೀರಿನ ಟ್ಯಾಂಕ್ ಹತ್ರ ಇರೋದಾ?”

“ಹೌದು ಸರ್.”

“ಟ್ಯಾಂಕ್ ಆಚೆ ಕಡೆ ಬೀದಿನೂ ಸೇರತ್ತಾ?”

ನಕ್ಷೆಗಾರ ನಕ್ಷೆಯನ್ನು ಮುಖದಿಂದ ಇಳಿಸಿ ಬೆರಳಿಟ್ಟು ತೋರಿಸಿದ. ಅಧಿಕಾರಿ ಹತ್ತಿರ ಹೋಗಿ ನೋಡಿದರು. ಬಹಳ ಹೊತ್ತು ನೋಡಿದರು. “ಹೋದ ತಿಂಗಳು ತಾನೆ ಬಾವಿಗೆ ಹೊಸ ಪಂಪು ಹಾಕಿಸಿದೆ,” ಎಂದು, ಯಾರಿಗೆಂದಿಲ್ಲದೆ ಹೇಳಿ, ವಾಪಸ್ ಬಂದು ಕೂತರು. ಅದು ಅವರದೇ ಬೀದಿಯಾಗಿತ್ತು.

ಹಿರಿಯ ಸದಸ್ಯರು ಈಗ ಪೂರ್ತಿ ಎಚ್ಚರಾಗಿದ್ದರು. ಅವರ ಬಾಯಲ್ಲಿ ಹಲ್ಲುಗಳು ಲೆಕ್ಕಕ್ಕೆ ಮಾತ್ರ ಇದ್ದವು. “ನಾನು ಒಂದು ಮಾತು ಹೇಳ್ತೀನಿ,” ಎಂದರು. “ಹಲ್ಲಿದ್ದಾಗ ಕಡಲೆ ಇರಲ್ಲ, ಕಡಲೆ ಇದ್ದಾಗ ಹಲ್ಲಿರಲ್ಲ ಅಂತಾರೆ. ಜಾಗ ಇದ್ದ ಕಾಲದಲ್ಲಿ ಈ ಮಂಡಳಿ ಇರಲಿಲ್ಲ. ಮಂಡಳಿ ಬರೋ ಹೊತ್ತಿಗೆ ಎಷ್ಟೋ ಜಾಗ ಹೋಗಿತ್ತು. ಈಗ ಅಪರೂಪಕ್ಕೆ ಎರಡೂ ಒಟ್ಟಿಗೆ ಇದೆ. ಅಗಿಯೋದು ಬಿಟ್ಟು ಕಾಗುಣಿತ ಯಾಕೆ ನೋಡ್ತೀರಿ?”

ಅಧ್ಯಕ್ಷೆ ಮುಖಪುಟವನ್ನೂ ನಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಗಡಿಕಲ್ಲುಗಳ ಗುರುತಿನ ಮೇಲೆ ಒಂದೊಂದಾಗಿ ಪೆನ್ನು ಆಡಿಸಿದರು. ಕಿಸಕ್ಕ ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು.

“ನಕ್ಷೆನೂ ಪ್ರಸ್ತಾವನೆಯ ಭಾಗ. ಅದರಲ್ಲಿ ಗಡಿ ಸ್ಪಷ್ಟವಾಗಿದೆ,” ಎಂದರು ಕೊನೆಗೆ. “ನಾವು ಕಾಯೋದು ಗಡಿಕಲ್ಲಿನ ಒಳಗೆ ಇರೋದನ್ನ. ಅದನ್ನ ಏನಂತ ಕರೆದಿದ್ದಾರೆ ಅನ್ನೋದು ಎರಡನೇ ಮಾತು. ಮೇಯೋ ಹಸುವಿಗೆ ಹುಲ್ಲೂ ಬೇಕು, ಹಲ್ಲೂ ಬೇಕು. ಓದಿದ ಹಾಗೇ ಮಂಜೂರು.”

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

“ಮೇಡಂ,” ಎಂದಳು ಕಿಸಕ್ಕ, “ಈಗ ನಗಬಹುದಾ?”

“ಹೊರಗೆ ಹೋಗಿ ನಗಿ.”

ಹೊರಗೆ ಹೋದಳು. ಮೆಟ್ಟಿಲ ಮೇಲೆ ಕೂತು, ಅಷ್ಟು ಹೊತ್ತು ಕೂಡಿಟ್ಟ ನಗುವನ್ನೆಲ್ಲ ಒಟ್ಟಿಗೆ ನಕ್ಕಳು. ನಕ್ಷೆಗಾರ ಬಂದು ಪಕ್ಕದಲ್ಲಿ ಕೂತ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾಗದೆ ಗೋಡೆ ನೋಡಿಕೊಂಡು ನಕ್ಕರು. ಗಂಟುಮೋರೆ ಕಡತ ಕಂಕುಳಲ್ಲಿ ಇಟ್ಟುಕೊಂಡು ಇಳಿದು ಬಂದರು. ಅವರ ಕಣ್ಣಂಚು ಇನ್ನೂ ಒದ್ದೆ. “ಇವತ್ತೊಂದು ದಿನ ಅಷ್ಟೇ,” ಎಂದರು. “ನಾಳೆಯಿಂದ ಮೊದಲಿನ ಹಾಗೇ ಇರ್ತೀನಿ.” ಆ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಅಧ್ಯಕ್ಷೆಯ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲಿನ ಹಿಂದಿನಿಂದ ಒಂದು ನಗು ಕೇಳಿತು, ಎಷ್ಟು ದೊಡ್ಡದೆಂದರೆ ಮೂವರೂ ಬೆಚ್ಚಿಬಿದ್ದರು.

ಆ ಭಾನುವಾರ ಕಿಸಕ್ಕ ಗಂಡನನ್ನೂ ಅತ್ತೆಯನ್ನೂ ಬಯಲಿಗೆ ಕರೆದೊಯ್ದಳು. ಅತ್ತೆ ಡಾಂಬರು ಮುಗಿಯುವ ಕಡೆ ನಿಂತು, ಮುಂದೆ ಹರಡಿದ್ದನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಗಾಳಿ ಜೋರಾಗಿತ್ತು. ಅವರ ಬಿಳಿ ಕೂದಲು ಹಾರಿ ಮುಖಕ್ಕೆ ಬೀಳುತ್ತಿತ್ತು, ಅವರು ಅದನ್ನು ಸರಿಮಾಡಿಕೊಳ್ಳಲಿಲ್ಲ.

“ಇದು ಯಾರದು?”

“ಯಾರೊಬ್ಬರದೂ ಅಲ್ಲ ಅತ್ತೆ. ಎಲ್ಲರದ್ದೂ.”

“ಎಲ್ಲರದ್ದೂ ಅಂದ್ರೆ ನನ್ನದೂನಾ?”

“ನಿಮ್ಮದೂನು. ಇನ್ಮೇಲೆ ಯಾರೂ ಕಿತ್ಕೊಳ್ಳೋ ಹಾಗಿಲ್ಲ.”

ಅತ್ತೆ ಸುತ್ತ ನೋಡಿದರು. ಮಗ ನೀರಿನ ಬಾಟಲಿಯ ಮುಚ್ಚಳ ಬಿಚ್ಚುತ್ತಿದ್ದ, ಬೇರೆ ಯಾರೂ ಇರಲಿಲ್ಲ. ದನಿ ತಗ್ಗಿಸಿ, “ಇಲ್ಲಿ ಓಡಬಹುದಾ? ಯಾರೂ ಏನೂ ಅನ್ನಲ್ವಾ?” ಎಂದು ಕೇಳಿದರು.

“ಯಾರು ಏನಂತಾರೆ?”

ಅವರು ಚಪ್ಪಲಿ ಬಿಟ್ಟರು. ಉಟ್ಟದ್ದನ್ನು ಒಂದು ಕೈಯಲ್ಲಿ ಎತ್ತಿಹಿಡಿದು ಓಡಿಯೇಬಿಟ್ಟರು. ಮಗ ಗಾಬರಿಯಿಂದ “ಅಮ್ಮಾ, ನಿಧಾನ” ಎಂದು ಕೂಗಿದ, ಬಾಟಲಿ ಅವನ ಕೈಜಾರಿತು. ಕಿಸಕ್ಕ ಹಿಂದೆಯೇ ಓಡಿದಳು, ನಗುತ್ತಾ ಓಡಲಾಗದೆ ಎರಡು ಸಲ ಮುಗ್ಗರಿಸಿದಳು. ಹುಲ್ಲು ಮಂಡಿಯವರೆಗೆ ಬಂದಿತ್ತು. ಬಯಲಿನ ನಡುವೆ ಎಲ್ಲೋ ಅತ್ತೆ ಉಸಿರು ಸಾಲದೆ ಕುಸಿದು ಕೂತರು, ಸೊಸೆಯೂ ಪಕ್ಕದಲ್ಲಿ ಬಿದ್ದಳು.

“ನನಗೆ ಹುಟ್ಟಿದಾಗಿಂದ ಇಷ್ಟು ದೊಡ್ಡದನ್ನ ಯಾರೂ ಕೊಟ್ಟಿರಲಿಲ್ಲ ಕಣೆ,” ಎಂದರು ಅತ್ತೆ.

ಆಮೇಲೆ ಸೊಸೆಯ ಭುಜ ಹಿಡಿದು ಎದ್ದರು, ಬಟ್ಟೆಗೆ ಅಂಟಿದ್ದನ್ನು ಕೊಡವಿಕೊಂಡರು.

“ಏಳು, ಏಳು. ಆ ತುದಿವರೆಗೂ ಹೋಗಿ ಬರೋಣ. ನಮ್ಮದು ಎಲ್ಲಿಗೆ ಮುಗಿಯತ್ತೆ ಅಂತ ನೋಡಬೇಕು ನಾನು.”